ಪ್ಲಾಸ್ಟರಿನ ಎರಡೂ ಬದಿ

ಕೂಗರ್ ಕಂಡೆವು ಎಂದವರನ್ನು ನೋಡಿ ನಕ್ಕವರಲ್ಲಿ ನಾನೇ ಮೊದಲಿಗ. ಎಪ್ಪತ್ತರ ದಶಕದ ಕೊನೆ. ಪರ್ತ್‌ನ ಒಂದು ಆಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಹಾಕಿದ ಪ್ಲಾಸ್ಟರನ್ನು ಯಾವ ಡಾಕ್ಟರೂ ಬಿಚ್ಚಿಸಿ ಮತ್ತೆ ಹಾಕಿಸಿದ್ದಿಲ್ಲ.

ಬೆಟ್ಟದಾಚೆಯಿಂದ ಬರುವ ಕುರಿ ಸಾಕುವವರದೆಲ್ಲ ಒಂದೇ ಮಾತು: ಕೂಗರ್ ಎಂಬ, ಚಿರತೆಯಂಥ ಅಮೆರಿಕದ ಕಾಡುಬೆಕ್ಕು ಇಲ್ಲಿನ ಕಾಡಿಗೆ ಸೇರಿಕೊಂಡಿದೆಯಂತೆ. ವನ್ಯಜೀವಿ ಇಲಾಖೆ ಮಾತ್ರ ಇಲ್ಲವೇ ಇಲ್ಲ ಎನ್ನುತ್ತಿತ್ತು. "ಹಾಗಾದ್ರೆ ನನ್ನ ಕುರಿ ತಿಂದೋರು ಯಾರು, ಇಲಾಖೆಯವರಾ?" ಎಂದು ಕಾಲು ಮುರಿದ ಮುದುಕನೊಬ್ಬ ರೇಗಿದ. ನಾನು ನಕ್ಕೆ. "ಬಂದು ಹೆಜ್ಜೆ ನೋಡಿ ಆಮೇಲೆ ನಗು" ಎಂದ.

ಭಾನುವಾರ ಪ್ಲಾಸ್ಟರ್ ಪುಡಿ ತೆಗೆದುಕೊಂಡು ಹೋದೆ. ಹೆಂಡತಿಯೂ ಬಂದಳು. ಸುಡುವ ಮಧ್ಯಾಹ್ನ. ಮುದುಕನ ಕೆರೆಯಂಚಿನ ಹಸಿ ಮಣ್ಣಿನಲ್ಲಿ ನನ್ನ ಅಂಗೈಯಗಲದ ಹೆಜ್ಜೆ! ನಾಯಿಯದಾಗಿದ್ದರೆ ಉಗುರು ಮೂಡಬೇಕಿತ್ತು, ಇದರಲ್ಲಿ ಇಲ್ಲ. ಕೈಗಳು ತಮ್ಮ ಕೆಲಸ ಮರೆಯಲಿಲ್ಲ. ಪುಡಿ ಕಲಸಿ ಹೆಜ್ಜೆಯೊಳಗೆ ಸುರಿದೆ.

"ರೀ, ಕಾಫಿ ಆರೋಗುತ್ತೆ, ಬನ್ರೀ!" ಎಂದು ಹೆಂಡತಿ ಕಾರಿನಿಂದ ಕೂಗಿದಳು. ಮೂವತ್ತು ಮಾರು ದೂರವೂ ಇರಲಿಲ್ಲ. ಒಂದು ಲೋಟ ಕುಡಿದು ವಾಪಸ್ ಬಂದು ನೋಡುತ್ತೇನೆ, ಪ್ಲಾಸ್ಟರಿನ ಮೇಲೆ ಇನ್ನೊಂದು ಹೆಜ್ಜೆ! ಅದೇ ಅಗಲ, ಅದೇ ನಾಲ್ಕು ಬೆರಳು. ಸುತ್ತಲಿನ ಹಸಿ ಮಣ್ಣಿನಲ್ಲಿ ನನ್ನ ಬೂಟಿನ ಗುರುತು ಬಿಟ್ಟರೆ ಹೊಸದೇನೂ ಇರಲಿಲ್ಲ.

ಗಟ್ಟಿಯಾದ ಅಚ್ಚನ್ನು ಮರುದಿನ ಕುಣಿಯುತ್ತ ಇಲಾಖೆಗೆ ಒಯ್ದೆ. ಅಧಿಕಾರಿ ಅದನ್ನು ತಿರುಗಿಸಿ ನೋಡಿ, "ಕೆಳಗಿನದು ದೊಡ್ಡ ನಾಯಿ. ಮೇಲಿನದು ನಿನ್ನ ಕೈಕೆಲಸ, ಚೆನ್ನಾಗಿದೆ" ಎಂದ. ಹೆಂಡತಿ ಸಾಕ್ಷಿ ಎಂದರೆ ಇನ್ನೂ ನಕ್ಕ. ನಮ್ಮ ಆಸ್ಪತ್ರೆಯಲ್ಲೇ ಡಾಕ್ಟರಾಗಿದ್ದ ಅವಳ ಅಣ್ಣ, "ಓದಿರೋರು ಇಲ್ಲ ಅಂದ್ಮೇಲೆ ಇಲ್ಲ ಕಣಯ್ಯ. ಡ್ಯೂಟೀಲಿ ಇದನ್ನ ಬಾಯಿಬಿಡಬೇಡ" ಎಂದರು. ಕೂಗರ್ ಹಾಳಾಗಲಿ. ನನ್ನ ಕೆಲಸವನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಸುಳ್ಳು ಎಂದಿದ್ದರು.

ಅದು ಈಗಲೂ ನನ್ನ ಕಪಾಟಿನಲ್ಲಿದೆ. ಹಸಿ ಪ್ಲಾಸ್ಟರ್ ಗುರುತು ಹಿಡಿಯುವುದು ನಾಲ್ಕೈದು ನಿಮಿಷ ಮಾತ್ರ; ಅದನ್ನು ನನಗೆ ಯಾವ ಇಲಾಖೆಯೂ ಕಲಿಸಬೇಕಿಲ್ಲ. ಅಷ್ಟರಲ್ಲಿ ಅದು ಮಣ್ಣು ಮುಟ್ಟದೆ ಹೇಗೆ ಬಂತು, ಹೇಗೆ ಹೋಯಿತು? ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಕೆಳಗಿನ ಹೆಜ್ಜೆಯ ಬೆರಳುಗಳು ನೀರಿನ ಕಡೆಗಿದ್ದವು. ಮೇಲಿನವು, ನಾವು ಕಾಫಿ ಕುಡಿಯುತ್ತಿದ್ದ ಕಾರಿನ ಕಡೆಗೆ.