ಬಿಸ್ಕತ್ತಿನ ಡಬ್ಬಿಯ ಆರು ಮುಳುಗುವ ದಾರಗಳು

ಗ್ರ್ಯಾಂಡ್ ಎನ್ನುವ ಪದವನ್ನು ನಾನು ಐರ್ಲೆಂಡಿಗೆ ಬಂದು ಕಲಿತದ್ದಲ್ಲ. ಮೈಸೂರಿನಲ್ಲಿ ಅದು ನಮ್ಮ ಮನೆಯದೇ ಪದ. ಊಟಕ್ಕೆ ಎರಡು ಸಿಹಿ, ಮೂರು ಪಲ್ಯ ಇದ್ದರೆ ಮದುವೆ ಗ್ರ್ಯಾಂಡ್. ಜರಿ ಅಂಗೈ ಅಗಲ ಇದ್ದರೆ ಸೀರೆ ಗ್ರ್ಯಾಂಡ್. ಹಾಗಾಗಿ ಹೆಂಡತಿಯನ್ನು ಮಣ್ಣು ಮಾಡಿ ಬಂದ ವಾರಕ್ಕೆ ಪಕ್ಕದ ಮನೆಯ ಅಜ್ಜ, ಹೇಗಿದ್ದೀರಿ ಎಂದು ನಾನು ಕೇಳಿದ್ದಕ್ಕೆ, ‘ಗ್ರ್ಯಾಂಡ್’ ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅದು ಐರ್ಲೆಂಡಿನ ಸ್ಲೈಗೋ ಊರಿನಲ್ಲಿ, ಕೊರೋನಾದ ಮೊದಲ ವರ್ಷದ ಕೊನೆ. ನನ್ನ ಗಂಡ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಗಾಲ್ವೇ ನಗರದ ಪಾರ್ಕ್‌ಮೋರಿನಲ್ಲಿರುವ ಒಂದು ಕಂಪನಿಯ ಕ್ವಾಲಿಟಿ ಇಂಜಿನಿಯರು. ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆಗಳನ್ನು ಅಳೆದು, ಎಳೆದು, ಬಗ್ಗಿಸಿ, ಇದು ಸರಿ, ಇದು ಸರಿಯಿಲ್ಲ ಎಂದು ಬರೆಯುವುದು ನನ್ನ ಕಸುಬು. ಆ ವರ್ಷ ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಬೇರೆಯವರು ಅಳೆದದ್ದನ್ನು ಸ್ಕ್ರೀನಿನಲ್ಲಿ ನೋಡುವ ಕೆಲಸಕ್ಕೆ ಇಳಿಸಿದ್ದರು. ಕೈಗೆ ಕೆಲಸವಿಲ್ಲದೆ ನನ್ನ ಬಾಯಿ ಜೋರಾಯಿತು ಎಂದು ಗಂಡ ಹೇಳುತ್ತಿದ್ದ. ಅದು ಮೊದಲೂ ಜೋರಾಗಿಯೇ ಇತ್ತು, ಅವನು ಮನೆಯಲ್ಲಿರುತ್ತಿರಲಿಲ್ಲ ಅಷ್ಟೆ.

ಅಜ್ಜನಿಗೆ ಎಪ್ಪತ್ತು ದಾಟಿತ್ತು. ಇಲ್ಲಿ ಎಂಥ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ಏಳುವುದಿಲ್ಲ. ಐದು ವರ್ಷ ಅವರನ್ನು ಏನೂ ಕರೆಯದೆ, ಗೋಡೆಯ ಈಚೆ ನಿಂತು ಸಣ್ಣಗೆ ಕೆಮ್ಮಿ ಮಾತಾಡಿಸಿಕೊಂಡು ಬಂದಿದ್ದೆ. ಕೊರೋನಾ ಬಂದ ಮೇಲೆ ಕೆಮ್ಮುವಂತೆಯೂ ಇರಲಿಲ್ಲ.

ಅಜ್ಜಿ ಹೋಗಿದ್ದು ಕೊರೋನಾದಿಂದಲ್ಲ, ಹೃದಯದ ಕಾಯಿಲೆಯಿಂದ. ಆದರೂ ಚರ್ಚಿಗೆ ಎಣಿಸಿದಷ್ಟೇ ಜನ ಹೋಗಬಹುದಿತ್ತು. ಬೀದಿಯವರೆಲ್ಲ ನಮ್ಮ ನಮ್ಮ ಗೇಟಿನ ಮುಂದೆ ನಿಂತು ಕಪ್ಪು ಗಾಡಿ ದಾಟುವುದನ್ನು ನೋಡಿದೆವು. ಅದಾಗಿ ಎಂಟು ದಿನಕ್ಕೆ ಈ ಗ್ರ್ಯಾಂಡ್.

‘ಹೆಂಡ್ತಿ ಹೋಗಿ ಇನ್ನೂ ಒಂದು ವಾರ, ಗ್ರ್ಯಾಂಡ್ ಅಂತೆ!’ ಎಂದು ಸಂಜೆ ಗಂಡನ ಮುಂದೆ ಹಾರಾಡಿದೆ.

‘ಅಯ್ಯೋ, ಅದು ನಿಮ್ಮಮ್ಮನ ಗ್ರ್ಯಾಂಡ್ ಅಲ್ಲ ಕಣೆ,’ ಅಂದ. ‘ನಮ್ ವಾರ್ಡಲ್ಲಿ ಉಸಿರು ಎಳ್ಕೊಳ್ಳೋಕಾಗ್ದೆ ಒದ್ದಾಡ್ತಿರ್ತಾರೆ, ಹೆಂಗಿದೀರಿ ಅಂದ್ರೆ ಗ್ರ್ಯಾಂಡ್ ಅಂತಾರೆ. ನಮ್ದು ಪರವಾಗಿಲ್ಲ ಅಂತ ಇಲ್ವಾ, ಅದೇ ಇದು.’

ಪರವಾಗಿಲ್ಲ! ಯಾರಾದರೂ ಕಾಲು ತುಳಿದರೆ ಪರವಾಗಿಲ್ಲ, ಊಟ ಸುಮಾರಾಗಿದ್ದರೆ ಪರವಾಗಿಲ್ಲ, ಇನ್ನೊಂದು ಚಪಾತಿ ಬೇಡ ಅನ್ನುವುದಕ್ಕೂ ಪರವಾಗಿಲ್ಲ. ನಮ್ಮಪ್ಪ ಕೆಲಸ ಕಳೆದುಕೊಂಡು ಮನೆಗೆ ಬಂದ ದಿನ ಚಪ್ಪಲಿ ಬಿಡುತ್ತ ಹೇಳಿದ್ದೂ ಅದನ್ನೇ. ಇಷ್ಟು ಗೊತ್ತಿದ್ದೂ ಅಜ್ಜನನ್ನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಮಾರನೆಯ ದಿನ ಒಂದು ಡಬ್ಬಿ ಉಪ್ಪಿಟ್ಟು ಮಾಡಿ ಗೋಡೆಯ ಮೇಲಿಟ್ಟೆ. ಡಬ್ಬಿ ತೊಳೆದು ವಾಪಸ್ ಬಂತು. ಉಪ್ಪಿಟ್ಟು ಗ್ರ್ಯಾಂಡ್ ಆಗಿತ್ತಂತೆ. ಹಾಗೆಂದರೆ ಏನೆಂದು ಈಗ ಗೊತ್ತಾಗಿದ್ದರಿಂದ ಮತ್ತೆ ಕಳಿಸಲಿಲ್ಲ.

ಹೊಸ ವರ್ಷಕ್ಕೆ ಮತ್ತೆ ಲಾಕ್‌ಡೌನಿನ ಬೀಗ ಬಿತ್ತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ನದಿ ಎರಡೇ ಕಿಲೋಮೀಟರು. ಫೆಬ್ರವರಿಯಲ್ಲಿ ಸಾಲ್ಮನ್ ಮೀನು ಸಮುದ್ರದಿಂದ ನದಿಗೆ ಹತ್ತುವ ಕಾಲ ಶುರುವಾದಾಗ ನಮ್ಮ ಬೀದಿಯ ಗಂಡಸರು ಪಾದದಿಂದ ಎದೆಯವರೆಗಿನ ರಬ್ಬರ್ ಪ್ಯಾಂಟು ತೊಟ್ಟು ಒಬ್ಬೊಬ್ಬರೇ ಹೊರಟರು. ಅಜ್ಜನೂ ಪ್ರತಿ ಬೆಳಿಗ್ಗೆ ಅದನ್ನೇ ತೊಟ್ಟು, ಗಾಳದ ಕೋಲು ಹಿಡಿದು, ತಮ್ಮ ಗೇಟಿನವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದರು. ನನ್ನ ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ಎರಡು ವಾರ ನೋಡಿದೆ. ಮೀಟಿಂಗಿನಲ್ಲಿ ಯಾರು ಏನು ಹೇಳಿದರೆಂದು ನೆನಪಿಲ್ಲ, ಅಜ್ಜ ಗೇಟಿನ ಚಿಲಕ ಮುಟ್ಟಿ ಕೈ ಹಿಂದಕ್ಕೆ ತೆಗೆಯುತ್ತಿದ್ದದ್ದು ನೆನಪಿದೆ.

ಒಂದು ದಿನ ಗೋಡೆಯ ಹತ್ತಿರ ಬಂದರು. ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದು ಗೋಡೆಯ ಮೇಲಿಟ್ಟು, ಎರಡು ಮೀಟರ್ ಹಿಂದಕ್ಕೆ ಸರಿದು ನಿಂತರು. ಒಳಗೆ ದಾರ ಸುತ್ತಿದ ಆರು ರೀಲುಗಳು. ಒಂದೊಂದಕ್ಕೂ ಒಂದೊಂದು ಬಣ್ಣದ ಉಣ್ಣೆ ದಾರದ ಗಂಟು. ಕೆಂಪು, ನೀಲಿ, ಹಸಿರು, ಬಿಳಿ, ಕಂದು, ನೇರಳೆ.

‘ನೀನು ಅಳೆಯೋ ಕೆಲ್ಸದವಳಲ್ವಾ?’ ಎಂದು ಶುರುಮಾಡಿದರು. ಅವರು ಹೇಳಿದ್ದು ಅವರ ಸ್ಲೈಗೋ ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಬಿದ್ದದ್ದು ಹೀಗೆ. ‘ಇವೆಲ್ಲ ಗಾಳಕ್ಕೆ ಕಟ್ಟೋ ಮುಳುಗೋ ದಾರ. ನನ್ ಹೆಂಡ್ತಿ ಬೆಳಿಗ್ಗೆ ಚರ್ಚಿಂದ ಬರೋವಾಗ ಸೇತುವೆ ಮೇಲೆ ನಿಂತು ನೀರು ನೋಡೋಳು. ಮನೆಗೆ ಬಂದು, ಇವತ್ತು ನೀಲಿ, ಇವತ್ತು ಕೆಂಪು ಅಂತ ಒಂದು ತೆಗೆದು ಕೈಗೆ ಕೊಡೋಳು. ನಾನು ತಗೊಂಡು ಹೋಗ್ತಿದ್ದೆ. ಈಗ ಯಾವುದು ತಗೊಂಡು ಹೋಗ್ಲಿ, ನೀನು ಹೇಳ್ತೀಯಾ?’

ನನಗೆ ಕೇಳಿಸಿದ್ದು ಇಷ್ಟೇ: ಆರು ಮಾದರಿ, ಲೇಬಲ್ ಇಲ್ಲ, ಪರೀಕ್ಷೆ ಆಗಬೇಕು. ತಿಂಗಳುಗಟ್ಟಲೆ ಕೈಗೆ ಕೆಲಸವಿಲ್ಲದೆ ಕೂತವಳು.

‘ಒಂದೊಂದನ್ನೂ ಟೆಸ್ಟ್ ಮಾಡಿ ರಿಪೋರ್ಟ್ ಕೊಡ್ತೀನಿ,’ ಅಂದೆ.

ಅಜ್ಜ ನನ್ನ ಮುಖವನ್ನೇ ನೋಡಿದರು. ‘ಗ್ರ್ಯಾಂಡ್,’ ಎಂದರು.

ನಮ್ಮದು ಮೊಟ್ಟೆ ಹಾಕಿದ ಕೇಕನ್ನೂ ಮೂರು ಸಲ ಯೋಚಿಸಿ ತಿನ್ನುವ ಮನೆತನ. ಅಂಥವಳು ಮೀನು ಹಿಡಿಯುವ ಡಬ್ಬಿಗೆ ಸ್ಯಾನಿಟೈಸರ್ ಸ್ನಾನ ಮಾಡಿಸಿ, ದೇವರ ಗೂಡಿನಿಂದ ಆದಷ್ಟು ದೂರದಲ್ಲಿ, ಅಂದರೆ ವಾಷಿಂಗ್ ಮಶೀನಿನ ಮೇಲೆ ಇಟ್ಟುಕೊಂಡು ಓದಲು ಕೂತೆ. ವಿಷಯ ಕಷ್ಟದ್ದೇನಲ್ಲ. ನೀರು ತಣ್ಣಗಿದ್ದಾಗ ಮೀನು ತಳ ಬಿಟ್ಟು ಏಳುವುದಿಲ್ಲ, ಭಾನುವಾರದ ನನ್ನ ಗಂಡನ ಹಾಗೆ. ಪುಕ್ಕ ಕಟ್ಟಿದ ಕೊಕ್ಕೆಯನ್ನು ಅದರ ಮೂತಿಯ ಹತ್ತಿರಕ್ಕೇ ಇಳಿಸಬೇಕು. ಕೊಕ್ಕೆಗೆ ತೂಕವಿಲ್ಲ, ಇಳಿಸುವುದೆಲ್ಲ ದಾರ. ದಾರ ನಿಧಾನವಾಗಿ ಮುಳುಗಿದರೆ ಕೊಕ್ಕೆ ಮೀನಿನ ತಲೆಯ ಮೇಲೆ ಹಾದುಹೋಗುತ್ತದೆ, ಬೇಗ ಮುಳುಗಿದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನೀರಿನ ಆಳ, ಸೆಳವು ನೋಡಿ ದಾರ ಆರಿಸಬೇಕು. ಸೆಕೆಂಡಿಗೆ ಎಷ್ಟು ಇಂಚು ಮುಳುಗುತ್ತದೆಂದು ಪೊಟ್ಟಣದ ಮೇಲೆ ಬರೆದಿರುತ್ತಾರೆ. ಅಜ್ಜಿ ಪೊಟ್ಟಣ ಎಸೆದು ಉಣ್ಣೆ ಕಟ್ಟಿದ್ದರು.

ಎರಡು ಶನಿವಾರ ವೀಡಿಯೋ ನೋಡಿದೆ. ಎಲ್ಲದರಲ್ಲೂ ಟೋಪಿ ಹಾಕಿದ ಅಮೆರಿಕದ ಗಡ್ಡದವರು ಹಿಮದಲ್ಲಿ ಸೊಂಟದ ತನಕ ನೀರಿಗಿಳಿದು, ಸ್ಟೀಲ್‌ಹೆಡ್ ಎಂಬ ಮೀನಿಗೆ ಚಳಿಗಾಲದಲ್ಲಿ ಯಾವ ದಾರ ಸರಿ ಎಂದು ಜಗಳವಾಡುತ್ತಿದ್ದರು. ಆರು ಪುಟ ಟಿಪ್ಪಣಿ ಮಾಡಿಕೊಂಡು ಗೋಡೆಯ ಹತ್ತಿರ ನಿಂತು ಅಜ್ಜನಿಗೆ ಪೂರ್ತಿ ಓದಿದೆ. ತಲೆ ಆಡಿಸುತ್ತ ಕೇಳಿದರು. ಕೊನೆಗೆ, ಆ ಮೀನು ನಮ್ಮ ನದಿಯಲ್ಲಿ ಇಲ್ಲವೇ ಇಲ್ಲ ಎಂದರು.

‘ಮೊದ್ಲೇ ಹೇಳ್ಬಾರ್ದಿತ್ತಾ?’

‘ನೀನು ಓದ್ತಿದ್ದದ್ದು ಚೆನ್ನಾಗಿತ್ತು,’ ಅಂದರು.

ಹಿತ್ತಿಲಿನಲ್ಲಿ ಮಳೆನೀರು ಹಿಡಿಯುವ ಡ್ರಮ್ಮು ಇತ್ತು. ಐರ್ಲೆಂಡಿನಲ್ಲಿ ಮಳೆನೀರು ಹಿಡಿದಿಡುವವರು ನಾವು ಮೈಸೂರಿನವರು ಮಾತ್ರ ಇರಬೇಕು. ಒಂದೊಂದು ರೀಲಿನಿಂದಲೂ ಒಂದಷ್ಟು ದಾರ ಬಿಚ್ಚಿ, ನೀರಿಗೆ ಬಿಟ್ಟು, ತಳ ಮುಟ್ಟುವವರೆಗೆ ಫೋನಿನಲ್ಲಿ ಸೆಕೆಂಡು ಎಣಿಸಿದೆ. ಒಂದೊಂದನ್ನೂ ಐದೈದು ಸಲ. ಗಂಡ ಬಾಗಿಲಲ್ಲಿ ನಿಂತು, ‘ಡ್ರಮ್ಮಲ್ಲಿ ಮೀನು ಸಿಕ್ತಾ?’ ಎಂದು ಕೇಳಿ ಬೈಸಿಕೊಂಡು ಹೋದ.

ಕೆಂಪು ಹದಿಮೂರು ಸೆಕೆಂಡು. ನೀಲಿ ಹದಿಮೂರು. ಹಸಿರೂ ಹದಿಮೂರು ಎಂದಾಗ ನನ್ನ ಕೈಯ ಮೇಲೆ ನನಗೇ ಅನುಮಾನ ಬಂದು ಮೊದಲಿನಿಂದ ಶುರುಮಾಡಿದೆ. ಆರೂ ಹದಿಮೂರು. ಕ್ಯಾಲಿಪರ್ ತಂದು ದಪ್ಪ ಅಳೆದೆ. ಆರೂ ಒಂದೇ ದಪ್ಪ. ಒಂದೇ ಕಂಪನಿಯ, ಒಂದೇ ಬಗೆಯ ದಾರ.

ನನಗೆ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು. ಸೇತುವೆ ಮೇಲೆ ನಿಂತು ನೀರು ನೋಡುವುದಂತೆ, ಇವತ್ತು ನೀಲಿಯಂತೆ! ಒಂದೇ ಮಾಲಿಗೆ ಆರು ಲೇಬಲ್ ಹಚ್ಚಿ ಪಾಪದ ಗಂಡನಿಗೆ ಟೋಪಿ ಹಾಕಿದ್ದಾರೆ. ಸತ್ತವರ ಬಗ್ಗೆ ಹೀಗೆ ಯೋಚಿಸಬಾರದು, ಯೋಚಿಸಿದೆ.

‘ಹೇಳ್ಬೇಡ,’ ಅಂದ ಗಂಡ.

‘ಸುಳ್ಳು ರಿಪೋರ್ಟ್ ಬರೆಯೋಕೆ ನಂಗೆ ಬರಲ್ಲ.’

‘ಸುಳ್ಳು ಬರಿ ಅಂದ್ನಾ? ಬರೀಲೇ ಬೇಡ ಅಂದೆ.’

ಅದೂ ನನಗೆ ಬರುವುದಿಲ್ಲ. ಬರೆದೆ, ಒಂದು ಪುಟ, ಕೆಳಗೆ ಸಹಿ. ಆದರೆ ಕೊಡಲು ಕೈ ಬರಲಿಲ್ಲ. ಹೇಳಿಬಿಟ್ಟರೆ ಅಜ್ಜನ ಹಿಂದಿನ ಬೆಳಗುಗಳೆಲ್ಲ ಪೊಳ್ಳಾಗುತ್ತವೆ, ಬರೀ ಅಜ್ಜಿಯ ನಾಟಕವಾಗುತ್ತವೆ. ಹೇಳದಿದ್ದರೆ ಈ ಮನುಷ್ಯ ಗೇಟು ದಾಟುವುದಿಲ್ಲ. ಇನ್ನೆಂದೂ ದಾಟುವುದಿಲ್ಲವೇನೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನಾಲ್ಕು ದಿನ ಅವರು ಗೇಟಿನವರೆಗೆ ಬಂದು, ನನ್ನ ಕಿಟಕಿಯ ಕಡೆ ನೋಡಿ, ಒಳಗೆ ಹೋದರು. ನಾನು ಫ್ರಿಡ್ಜಿನ ಹಿಂದೆ ಬಚ್ಚಿಟ್ಟುಕೊಂಡೆ, ನಲವತ್ತೆರಡು ವರ್ಷದ ಹೆಂಗಸು.

ಐದನೆಯ ದಿನ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮೀಟಿಂಗಿಗೆ ನೆಟ್ ಇಲ್ಲ ಎಂದು ಸುಳ್ಳು ಹೇಳಿ (ಅದು ಬರುತ್ತದೆ), ವರದಿಯನ್ನು ಜೇಬಿನಲ್ಲಿಟ್ಟುಕೊಂಡು, ಡಬ್ಬಿ ಹಿಡಿದು ಹೊರಗೆ ಬಂದೆ. ‘ಬನ್ನಿ, ಸೇತುವೆಗೆ ಹೋಗಿ ನೀರು ನೋಡೋಣ,’ ಅಂದೆ. ಗಾಳದ ಕೋಲು ಹಿಡಿದು ನಿಂತಿದ್ದ ಅಜ್ಜ ಗೇಟು ತೆಗೆದರು. ಎರಡು ಮೀಟರ್ ಬಿಟ್ಟುಕೊಂಡು ನಡೆದೆವು.

ನದಿ ಕಾಫಿ ಬಣ್ಣಕ್ಕೆ ತಿರುಗಿ ದಡದವರೆಗೆ ತುಂಬಿತ್ತು. ನಾನು ಸೇತುವೆಯ ಕಟ್ಟೆಗೆ ಒರಗಿ ಬಹಳ ತಿಳಿದವಳ ಹಾಗೆ ನೋಡಿದೆ. ನನಗೆ ಕಂಡದ್ದು ನೀರು. ಜೇಬಿನಲ್ಲಿ ಕಾಗದ ಚುಚ್ಚುತ್ತಿತ್ತು. ಅಜ್ಜ ಡಬ್ಬಿಯ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟು ಕಾಯುತ್ತ ನಿಂತರು. ಕಾಗದ ತೆಗೆಯಬೇಕೆಂದೇ ಜೇಬಿಗೆ ಕೈ ಹಾಕಿದವಳು, ‘ಹಸಿರು,’ ಅಂದುಬಿಟ್ಟೆ.

ಅವರು ಹಸಿರು ಗಂಟಿನ ರೀಲು ತೆಗೆದು ಗಾಳದ ಕೋಲಿಗೆ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: ‘ಎಲ್ಲಾ ಒಂದೇ ಅಂತ ಹೇಳ್ಬಿಡ್ತೀಯೇನೋ ಅಂತ ಹೆದರಿದ್ದೆ.’

ನಾನು ಜೇಬಿನಿಂದ ಖಾಲಿ ಕೈ ಹೊರಗೆ ತೆಗೆದೆ.

‘ರಿಟೈರ್ ಆದ ವರ್ಷ ಕ್ರಿಸ್‌ಮಸ್‌ಗೆ ಒಂದು ತಂದ್ಕೊಟ್ಲು. ಗ್ರ್ಯಾಂಡ್ ಅಂದೆ. ಮುಂದಿನ ವರ್ಷ ಅಂಗಡಿಗೆ ಹೋಗಿ, ಹೋದ ಸಲದ್ದು ಅವ್ರಿಗೆ ಇಷ್ಟ ಆಯ್ತು ಅಂದಿರ್ಬೇಕು. ಅಂಗಡಿಯವ್ನು ಅದನ್ನೇ ಕೊಟ್ಟ. ಹಂಗೇ ಆರು ವರ್ಷ.’

‘ಅವ್ರಿಗೆ ಗೊತ್ತಿತ್ತಾ?’

‘ಅದನ್ನ ಕೇಳೋದು ಹೆಂಗೆ?’

‘ಮತ್ತೆ ಮೀನು ಸಿಗ್ತಿತ್ತಾ?’

‘ಕೆಲವು ಸಲ.’

ಹಾಗಾದರೆ ನನ್ನ ಕೈಯಲ್ಲಿ ಡ್ರಮ್ಮಿನ ನಾಟಕ ಯಾಕೆ ಆಡಿಸಿದಿರಿ ಎಂದು ನಾನು ದನಿ ಏರಿಸಿದೆ. ಅಜ್ಜ ಈಗ ನನ್ನನ್ನು ನೋಡಿದರು. ‘ಯಾವುದು ತಗೊಂಡು ಹೋಗ್ಲಿ ಅಂತ ತಾನೇ ನಾನು ಕೇಳಿದ್ದು? ಎಷ್ಟು ಬೇಗ ಮುಳುಗುತ್ತೆ ಅಂತ ಕೇಳಿದ್ನಾ?’

ನನಗೆ ಅಳು ಬಂತು. ಮಾಸ್ಕಿನೊಳಗೆ ಮೂಗು ಸೋರಿ, ಕನ್ನಡಕ ಮಂಜಾಗಿ, ಸೇತುವೆಯೂ ನದಿಯೂ ಅಜ್ಜನೂ ಕಾಣದಂತಾಯಿತು. ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅವರು ದಡ ಇಳಿದು ನೀರಿನಲ್ಲಿ ನಿಂತಿದ್ದರು. ಅವತ್ತು ಮೀನು ಸಿಗಲಿಲ್ಲ. ಆ ತಿಂಗಳೇ ಸಿಗಲಿಲ್ಲ. ಆದರೂ ಬೆಳಿಗ್ಗೆ ಕ್ಯಾಮೆರಾ ಆಫ್ ಮಾಡಿ ಗೋಡೆಯ ಹತ್ತಿರ ಹೋಗಿ ಬಣ್ಣ ಹೇಳಿ ಬರುವುದು ನನ್ನ ಕೆಲಸವಾಯಿತು. ನೇರಳೆಯನ್ನು ಸತತ ಮೂರು ದಿನ ಹೇಳಿದ್ದಕ್ಕೆ ಅಜ್ಜ ಆಕ್ಷೇಪಣೆ ಎತ್ತಿದ್ದೂ ಉಂಟು. ನೀರು ಇಳಿದಿದೆ, ಸರಿಯಾಗಿ ನೋಡು ಎಂದರು.

ಆ ವರ್ಷದ ಡಿಸೆಂಬರಿನಲ್ಲಿ ಊರೊಳಗಿನ ಗಾಳದ ಅಂಗಡಿಗೆ ಹೋದೆ. ಮುಳುಗುವ ದಾರ ಬೇಕು ಎಂದೆ. ಯಾವ ವೇಗದ್ದು ಎಂದು ಅಂಗಡಿಯವನು ಕೇಳಿದ. ನನ್ನ ಪರ್ಸಿನಲ್ಲಿ ವರದಿ ಇನ್ನೂ ಇತ್ತು, ತೆಗೆದು ಓದಿದೆ. ಅವನು ಹಿಂದಿನ ಕಪಾಟಿನಿಂದ ಒಂದು ಪೊಟ್ಟಣ ತಂದುಕೊಟ್ಟ. ಪೊಟ್ಟಣ ಎಸೆದು, ಹಳದಿ ಉಣ್ಣೆಯ ಗಂಟು ಹಾಕಿ, ಕ್ರಿಸ್‌ಮಸ್‌ ದಿನ ಗೋಡೆಯ ಮೇಲಿಟ್ಟೆ.

ಅಜ್ಜ ರೀಲನ್ನು ತಿರುಗಿಸಿ ತಿರುಗಿಸಿ ನೋಡಿದರು. ದಾರದ ತುದಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು.

‘ಇದು ಯಾವ ನೀರಿಗೆ?’ ಎಂದು ಕೇಳಿದರು.

‘ನೀರು ನೋಡಿ ಹೇಳ್ತೀನಿ,’ ಅಂದೆ.