ಇನೆಸಳ ಗಿಡುಗಕ್ಕೆ ಸಿಕ್ಕ ಸುಲಭದ ಬೇಟೆ

ನಮ್ಮ ಹೋಟೆಲಿನ ಪಾರಿವಾಳಗಳಿಗೆ ನನ್ನ ಅಡುಗೆಮನೆಯ ಹೊಗೆಗೂಡೇ ತವರುಮನೆ. ಹೊರಗೆ ಮೂಗು ಉದುರಿಹೋಗುವಂಥ ಚಳಿ, ಅಲ್ಲಿ ಬೆಚ್ಚಗೆ. ರಾಕಿ ಬೆಟ್ಟದ ಹಿಮದಲ್ಲಿ ಜಾರಿ ಆಡಲು ಬರುವ ಶ್ರೀಮಂತರ ಕೋಟಿನ ಮೇಲೆ ಅವು ಹಿಕ್ಕೆ ಹಾಕಿದರೆ ನನಗೇನೋ ನಗು ಬರುತ್ತಿತ್ತು. ಮ್ಯಾನೇಜರ್ ಕರ್ಟನಿಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಸೂರಿನ ಅಂಚಿಗೆ ಮುಳ್ಳುಪಟ್ಟಿ ಹಾಕಿಸಿದ, ಹಿಮ ಬಿದ್ದು ಅದು ಮುಚ್ಚಿಹೋಯಿತು. ಬಲೆ ಕಟ್ಟಿಸಿದ, ಮೇಲಿನಿಂದ ಜಾರಿದ ಹಿಮ ಅದನ್ನು ಹರಿದುಹಾಕಿತು. ಕೊನೆಗೆ ಶಾಲೆಯಲ್ಲಿ ಜೊತೆಗೆ ಓದಿದ್ದ ಇನೆಸ್ ಆರ್ಚುಲೆಟಾಳನ್ನು ಕರೆಸಿದ.

ಇನೆಸ್‌ಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಪೆಪಿತಾ ಎಂಬ ಗಿಡುಗ. ಅದು ತಿನ್ನದೆ ತಾನು ತಿನ್ನುತ್ತಿರಲಿಲ್ಲ. ಅದನ್ನು ಕಟ್ಟಡಗಳ ಸುತ್ತ ಹಾರಿಬಿಟ್ಟು ಪಾರಿವಾಳ ಓಡಿಸುವುದೇ ಅವಳ ಕಸುಬು. ಬಂದವಳೇ ಹೇಳಿದಳು: "ನೋಡೋ ಕರ್ಟ್, ಇವಳು ಹಾರೋ ಕಡೆ ಒಂದು ಕಾಳು ವಿಷ ಇರಕೂಡದು. ವಿಷ ತಿಂದ ಪಾರಿವಾಳನ ಇವಳು ತಿಂದ್ರೆ ಮುಗೀತು."

"ಹಾಕಲ್ಲ ಬಿಡು. ನಿನ್ನ ಹತ್ರ ಸುಳ್ಳು ಹೇಳ್ತೀನೇನೇ? ನಿಮ್ಮಮ್ಮನ ಕೈಯಡುಗೆ ತಿಂದವನು ಕಣೇ ನಾನು."

ಪೆಪಿತಾ ಹಾರಿದಾಗ ಪಾರಿವಾಳಗಳು ಚದುರುತ್ತಿದ್ದವು, ಚಳಿ ಹೆಚ್ಚಾದರೆ ಮತ್ತೆ ಹೊಗೆಗೂಡಿಗೆ ಬಂದು ಸೇರುತ್ತಿದ್ದವು. ಇನ್ನೂ ಕೆಲವು ವಾರ ಬೇಕು ಎಂದಳು ಇನೆಸ್. ಅಷ್ಟರಲ್ಲಿ ಕ್ರಿಸ್‌ಮಸ್ ಹತ್ತಿರವಾಯಿತು, ಮಾಲೀಕರು ಬಂದಿಳಿದರು.

ಮರುದಿನ ಬೆಳಿಗ್ಗೆ ಸೂರಿನ ಅಂಚಿನಲ್ಲಿ ಪಾರಿವಾಳವೊಂದು ಮಂಕಾಗಿ ಕೂತಿತ್ತು. ಪೆಪಿತಾ ಒಂದೇ ನೆಗೆತಕ್ಕೆ ಹಿಡಿಯಿತು. ಅಂಗಳದಲ್ಲಿದ್ದ ಅತಿಥಿಗಳು ಚಪ್ಪಾಳೆ ತಟ್ಟಿದರು. "ತಿನ್ನು ನನ್ನವ್ವಾ, ಇವತ್ತು ನಿನ್ನ ಹಬ್ಬ" ಎಂದು ಇನೆಸ್ ತಾನೇ ಪುಕ್ಕ ಬಿಡಿಸಿ ತಿನ್ನಿಸಿದಳು.

ಮಧ್ಯಾಹ್ನದೊಳಗೆ ಪೆಪಿತಾ ನಡುಗಿ, ಸೆಟೆದು, ಅವಳ ತೊಡೆಯ ಮೇಲೆ ಸತ್ತಿತು. ನನಗೆ ಅನುಮಾನ ಬಂದು ಛಾವಣಿ ಹತ್ತಿದೆ. ಹೊಗೆಗೂಡಿನ ಬುಡದಲ್ಲಿ ವಿಷ ಸವರಿದ ಜೋಳ ಚೆಲ್ಲಿತ್ತು. ಒಂದಷ್ಟು ಬಳಿದು ತಂದು ಕರ್ಟನ ಮೇಜಿನ ಮೇಲೆ, ಇನೆಸಳ ಎದುರಿಗೇ ಸುರಿದೆ.

ಕರ್ಟ್ ತಲೆ ತಗ್ಗಿಸಿದ. "ಹಬ್ಬದೊಳಗೆ ಪಾರಿವಾಳ ಹೋಗ್ಬೇಕು ಅಂತ ನಿನ್ನೆ ಮಾಲೀಕರು ಹಟ ಹಿಡಿದ್ರು ಕಣೇ. ನಾನೇ ಹಾಕಿದೆ. ನಿಂಗೆ ಬೇರೆ ಗಿಡುಗ ಕೊಡಿಸ್ತೀನಿ."

ಇನೆಸ್ ಅಳಲಿಲ್ಲ, ಬೈಯಲೂ ಇಲ್ಲ. "ಹಾಕಿದ್ದು ಇರಲಿ. ಬೆಳಿಗ್ಗೆ ನಾನು ತಿನ್ನಿಸ್ತಿದ್ದಾಗ ನೀನು ಅಲ್ಲೇ ಇದ್ದೆಯಲ್ಲೋ?"

"ಮಾಲೀಕರು ಪಕ್ಕದಲ್ಲೇ ಇದ್ರು... ಏನಂತ ಹೇಳಲಿ?"

"'ಬೇಡ ಇನೆಸ್' ಅಂದಿದ್ರೆ ಸಾಕಿತ್ತು. ನೀನೂ ಚಪ್ಪಾಳೆ ತಟ್ಟಿದೆ."