ದೋಣಿ ಇಂಜಿನ್ನಿಗೆ ಎಣ್ಣೆನೀರು

ನಮ್ಮ ಸೀಮೆಯಲ್ಲಿ ದೋಣಿ ಎಂದರೆ ಮಳೆ ಬಂದಾಗ ಮಕ್ಕಳು ಕಾಗದದಲ್ಲಿ ಮಾಡಿ ಬಿಡುವುದು, ಅಷ್ಟೇ. ಗೌರಿಬಿದನೂರಿನ ಪಕ್ಕ ಒಂದು ನದಿ ಹರಿಯುತ್ತದೆ ಎಂದು ಪಾಠದಲ್ಲಿ ಬರೆದಿತ್ತು. ಅದರ ದಡದಲ್ಲೇ ಹುಟ್ಟಿದವಳು ನಾನು, ಅದರಲ್ಲಿ ಹೆಚ್ಚಾಗಿ ನೋಡಿದ್ದು ಮರಳು. ಇಂಥ ಸೀಮೆಯಲ್ಲಿ ಕೂತು ನಮ್ಮ ಮಾವನವರು ದೋಣಿಯ ಇಂಜಿನ್ ಕೊಂಡು ತಂದರು.

ಮದುವೆಯಾಗಿ ನಾನು ಬಂದದ್ದು ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವಿನ ಒಂದು ಹಳ್ಳಿಗೆ, ಐವತ್ತರ ದಶಕದ ಕೊನೆಯಲ್ಲಿ. ಮನೆಗೊಂದು ಹಿಪ್ಪುನೇರಳೆ ತೋಟ, ತೋಟಕ್ಕೊಂದು ಬಾವಿ, ಬಾವಿಗೊಂದು ಕಪಿಲೆ. ನಮ್ಮ ಯಜಮಾನರು ಎತ್ತುಗಳನ್ನು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಸಿ ತೊಗಲಿನ ಚೀಲದಲ್ಲಿ ನೀರೆತ್ತುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ಆ ನೀರನ್ನು ಪಾತಿಯಿಂದ ಪಾತಿಗೆ ತಿರುಗಿಸುತ್ತಿದ್ದೆ. ಲೋಯರ್ ಸೆಕೆಂಡರಿ ಪಾಸಾದ ಸೊಸೆ ತಂದಿದ್ದೇವೆಂದು ಮಾವ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಪಾಸಾದವಳು ತಿರುಗಿಸಿದರೆ ನೀರು ಬೇಗ ಹರಿಯುತ್ತದೆಂದು ಅವರು ತಿಳಿದಿದ್ದರೋ ಏನೋ.

ಇಂಜಿನ್ ಸಿಕ್ಕಿದ್ದು ಮದರಾಸಿನ ಬಂದರಿನ ಗುಜರಿಯಲ್ಲಿ. ಅದನ್ನು ಬಾವಿಯ ದಡದಲ್ಲಿ ಕೂರಿಸಿ ಪಂಪಿಗೆ ಜೋಡಿಸಲು ಚಿಂತಾಮಣಿಯಿಂದ ಫಿಟ್ಟರ್ ಸಾಹೇಬರು ಬಂದಿದ್ದರು. ಕೆಲಸ ಮುಗಿಸಿ, ನಾನು ಕೊಟ್ಟ ಕಾಫಿ ಕುಡಿಯುತ್ತಾ ಅವರು ಹೇಳಿದರು: "ದೇಖೋ ಗೌಡ್ರೇ, ದಿನಾ ಈ ಕಡ್ಡಿ ಎಳೆದು ಎಣ್ಣೆ ನೋಡ್ಬೇಕು. ಎಣ್ಣೆ ಬೆಳ್ಳಗಾಯ್ತು ಅಂದ್ರೆ ಒಳಗೆ ನೀರು ಸೇರ್ತು ಅಂತ. ಆಮೇಲೆ ತಿರುಗಿಸಿದ್ರೆ ಬೇರಿಂಗ್ ಕಚ್ಕೊಂತದೆ, ಇಂಜಿನ್ ಖತಂ." ಗಂಡಸರೆಲ್ಲ ಆ ಹೊತ್ತಿನಲ್ಲಿ ಈ ಇಂಜಿನ್ ಸಮುದ್ರದ ಮೇಲೆ ಎಷ್ಟು ಜೋರಾಗಿ ಓಡಿರಬಹುದು ಎಂಬ ಘನವಾದ ಚರ್ಚೆಯಲ್ಲಿದ್ದರು. ಸಮುದ್ರವನ್ನು ಅವರಲ್ಲಿ ಒಬ್ಬರೂ ನೋಡಿರಲಿಲ್ಲ. ಸಾಹೇಬರ ಮಾತು ಕೇಳಿಸಿಕೊಂಡವಳು ಲೋಟಕ್ಕಾಗಿ ಕಾದು ನಿಂತಿದ್ದ ನಾನೊಬ್ಬಳೇ.

ಆ ಇಂಜಿನ್ನಿನ ಮೇಲೆ ನನ್ನ ಪ್ರಾಣವೇ ನಿಂತಿತ್ತು. ನಮ್ಮಪ್ಪ ಓಡಾಡಿ, ಕೈವಾರದ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ನನಗೆ ಮೇಡಂ ಕೆಲಸ ಕೊಡಿಸಿದ್ದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರಬಹುದು. ದೀಪಾವಳಿ ಕಳೆದ ಸೋಮವಾರ ಸೇರಬೇಕು, ತಪ್ಪಿದರೆ ಇನ್ನೊಬ್ಬರಿಗೆ. ಮಾವ ಯೋಚನೆ ಮಾಡಿ, "ಇಂಜಿನ್ ಹಬ್ಬ ದಾಟಲಿ ಕಣಮ್ಮ. ನೀರಿಗೆ ತೊಂದ್ರೆ ಇಲ್ಲ ಅಂದ್ರೆ ಹೋಗುವಂತೆ," ಅಂದಿದ್ದರು. ಪಂಪಿನ ನೀರು ಒಬ್ಬ ಆಳಿನ ಕೈಲಾಗುವ ಕೆಲಸ. ಕಪಿಲೆಯಾದರೆ ನಾನು ಬೇಕೇ ಬೇಕು. ಇಂಜಿನ್ ಓಡಿದರೆ ನಾನು ಶಾಲೆಗೆ, ನಿಂತರೆ ಪಾತಿಗೆ.

ನಮ್ಮ ಮನೆಯಲ್ಲಿ ಶಾಸ್ತ್ರ ಸಂಪ್ರದಾಯಗಳಿಗೆಲ್ಲ ಹೈಕೋರ್ಟು ಎಂದರೆ ದೊಡ್ಡತ್ತೆ. ಮಾವನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರಿಗೆ ನನ್ನನ್ನು ಕಂಡರಾಗದು, ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ನಾನು ಅರೆದ ಚಟ್ನಿಯಲ್ಲಿ ಉಪ್ಪು ಒಂದು ದಿನವೂ ಸರಿಯಿರಲಿಲ್ಲ. ಆ ವರ್ಷ ನೀರು ತುಂಬುವ ಹಬ್ಬಕ್ಕೆ ಹಂಡೆ ತುಂಬಿದ್ದು ಇಂಜಿನ್ನಿನ ನೀರಲ್ಲವೇ? ಆದ್ದರಿಂದ ಮಾರನೆಯ ದಿನ ನರಕ ಚತುರ್ದಶಿಗೆ ಮನೆಮಂದಿಯ ಜೊತೆ ಅದಕ್ಕೂ ಎಣ್ಣೆನೀರು ಆಗಬೇಕೆಂದು ತೀರ್ಪಾಯಿತು.

"ನೀರು ಬಿದ್ರೆ ಕೆಡಲ್ವಾ ಅತ್ತೆ?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

"ಏಮಿ ರಾ, ಸಮುದ್ರದಾಗೆ ಈಜಾಡಿ ಬಂದಿರೋ ಇಂಜಿನ್ನು ನಮ್ಮನೆ ಒಂದು ಹಂಡೆ ನೀರಿಗೆ ಕೆಟ್ಟೋಯ್ತದಾ?"

ಯಜಮಾನರು ಹಂಡೆಯ ಒಲೆಗೆ ಸೌದೆ ತರಲು ಎದ್ದರು. ಬೇಡ ಎನ್ನಲು ನಾನು ಬಾಯಿ ತೆರೆದೆ, ಮಾವ ಒಮ್ಮೆ ನೋಡಿದರು, ಮುಚ್ಚಿಕೊಂಡೆ. ದೊಡ್ಡತ್ತೆ ಅರಿಶಿನ ಕುಂಕುಮ ಮುಟ್ಟುವ ಹಾಗಿಲ್ಲ, ದೂರದಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದರು. ಎಣ್ಣೆ ನೆತ್ತಿಗೆ ಬೀಳಬೇಕು. ಇಂಜಿನ್ನಿಗೆ ನೆತ್ತಿ ಯಾವುದು? ಹುಡುಕಿ ನೋಡಿದಾಗ ಮೇಲ್ಗಡೆ ಎಣ್ಣೆ ಹಾಕುವ ಬಾಯಿ ಸಿಕ್ಕಿತು. ಅದರ ಮುಚ್ಚಳ ತೆಗೆದು, ಮಾವ ಗರಿಕೆಯಲ್ಲಿ ಹರಳೆಣ್ಣೆ ಬಿಟ್ಟರು. ಆಮೇಲೆ ಸೀಗೆಪುಡಿ ಹಚ್ಚಿ, ಚೊಂಬಿನಿಂದ ಚೊಂಬಿಗೆ ಬಿಸಿನೀರು ಅದೇ ನೆತ್ತಿಯ ಮೇಲೆ ಸುರಿದರು. ಹೆತ್ತ ಮಗನಿಗೂ ಅವರು ಅಷ್ಟು ಪ್ರೀತಿಯಿಂದ ತಲೆಗೆ ಹೊಯ್ದದ್ದನ್ನು ನಾನು ಕಂಡಿಲ್ಲ. ಆರತಿಯಾದ ಮೇಲೆ ಶಾಸ್ತ್ರಕ್ಕೆಂದು ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ನಿಲ್ಲಿಸಿದರು.

ಅಮಾವಾಸ್ಯೆಯ ದಿನ ಕಡ್ಡಿ ಎಳೆದರೆ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಗುರುತು ದಾಟಿ ಮೇಲಕ್ಕೆ ಬಂದಿತ್ತು. ಮಾವನ ಮುಖ ಅರಳಿತು. "ನೋಡ್ರೋ, ಲಕ್ಷ್ಮೀ ಪೂಜೆ ದಿನ ಎಣ್ಣೆ ಹೆಚ್ಚೈತೆ!" ಪಕ್ಕದ ತೋಟದವರು ಕೈ ಮುಗಿದೇ ಬಿಟ್ಟರು. ಮಾವ ಹ್ಯಾಂಡಲ್ ಹಿಡಿದರು.

"ತಿರುಗಿಸಬೇಡಿ!" ಎಂದು ನಾನು ಕಿರುಚಿದೆ. ಮಾವನೆದುರು ದನಿ ಎತ್ತಿದ್ದು ಅದೇ ಮೊದಲು. ಸಾಹೇಬರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಎಲ್ಲರ ಮುಖದಿಂದ ಲಕ್ಷ್ಮಿ ಇಳಿದುಹೋದಳು.

ಹಳೆಯ ಎಣ್ಣೆ ತೆಗೆದು ಹೊಸದು ಹಾಕಬೇಕು. ಯಜಮಾನರು ಸೈಕಲ್ ಹತ್ತಿ ಚಿಂತಾಮಣಿಗೆ ಹೋದರು. ಫಿಟ್ಟರ್ ಸಾಹೇಬರು ಮದನಪಲ್ಲಿಗೆ ನೆಂಟರ ಮದುವೆಗೆ ಹೋಗಿದ್ದರು. ಎಣ್ಣೆ ಅಂಗಡಿಯವರು ಲಕ್ಷ್ಮೀ ಪೂಜೆ ಮುಗಿಸಿ ಬೀಗ ಹಾಕಿದ್ದರು, ಸೋಮವಾರ ಮಧ್ಯಾಹ್ನದವರೆಗೆ ತೆಗೆಯುವುದಿಲ್ಲವಂತೆ. ಬಂದ ದಾರಿಗೆ ಸುಂಕವಿಲ್ಲವೆಂದು ಬರಿಗೈಯಲ್ಲಿ ಬರಬಾರದೆಂದು ನಮ್ಮ ಯಜಮಾನರು ಎರಡು ಡಬ್ಬ ಪಟಾಕಿ ತಂದರು. ಆ ಮನುಷ್ಯನನ್ನು ಆವತ್ತು ಏನು ಮಾಡಿದ್ದರೂ ಪಾಪ ಬರುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಬಸ್ಸು, ಅಷ್ಟರೊಳಗೆ ಇರುವ ಎಣ್ಣೆಯನ್ನೇ ಸರಿಮಾಡಬೇಕು. ಯಜಮಾನರು ತಳದ ಬಿರಡೆ ಬಿಚ್ಚಿದರು, ನಾನು ತಗಡಿನ ಡಬ್ಬ ಹಿಡಿದೆ. ಬೆಳಗಾಗುವ ಹೊತ್ತಿಗೆ ಒಂದಷ್ಟು ನೀರು ತಳದಲ್ಲಿ ನಿಂತಿತ್ತು. ಮೇಲಿನ ಎಣ್ಣೆಯನ್ನು ಬಸಿದುಕೊಂಡೆ, ಅದು ಮಾತ್ರ ಹಾಗೇ ಬೆಳ್ಳಗೆ. ನಾನು ಅದರ ಮುಂದೆ ಕೂತು ಅಳುತ್ತಿದ್ದೆ. ದೊಡ್ಡತ್ತೆ ಬಂದು ಬೆರಳಿನಿಂದ ತೆಗೆದು ಉಜ್ಜಿ ನೋಡಿದರು.

"ಬೆಣ್ಣೆಯೊಳಗೂ ನೀರಿರ್ತದೆ. ಅದಕ್ಕೆ ಯಾರಾದ್ರೂ ಅಳ್ತಾರಾ? ಕಾಯಿಸ್ತಾರೆ. ಏಳೇ."

ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹಳೆಯ ಕಬ್ಬಿಣದ ಬಾಣಲೆಗೆ ಸ್ವಲ್ಪ ಸ್ವಲ್ಪವೇ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಇಟ್ಟರು. ನೊರೆ ಬಂತು, ಚಟಪಟ ಸಿಡಿಯಿತು. ಬಲಿಪಾಡ್ಯಮಿಯ ದಿನ ಬೀದಿಯ ಮನೆಗಳಲ್ಲೆಲ್ಲ ಒಬ್ಬಟ್ಟಿನ ವಾಸನೆ ಬರುತ್ತಿದ್ದರೆ ನಮ್ಮ ಮನೆಯಿಂದ ಲಾರಿ ಸ್ಟ್ಯಾಂಡಿನ ವಾಸನೆ. ಮಾವ ಮೂಗು ಮುಚ್ಚಿಕೊಂಡು ಜಗಲಿಯಲ್ಲಿ ಕೂತು, "ತುಪ್ಪಕ್ಕೆ ನುಗ್ಗೆಸೊಪ್ಪು ಹಾಕಲ್ವಾ ಅಕ್ಕಾ?" ಎಂದರು. ದೊಡ್ಡತ್ತೆ ತಿರುಗಿ ಕೂಡ ನೋಡಲಿಲ್ಲ. ಕಿವಿಯನ್ನು ಬಾಣಲೆಯ ಕಡೆ ಇಟ್ಟುಕೊಂಡು ಕೂತಿದ್ದರು. ಸಿಡಿಯುವ ಸದ್ದು ಪೂರಾ ನಿಂತ ಮೇಲೆ ಒಂದು ಹನಿಯನ್ನು ಕಾದ ಹೆಂಚಿನ ಮೇಲೆ ಬಿಟ್ಟರು. ಅದು ಹೊಗೆಯಾಡಿತು, ಚಟ್ ಎನ್ನಲಿಲ್ಲ. ಬೆಳ್ಳಗಿದ್ದದ್ದು ಕಪ್ಪಗಾಗಿತ್ತು. ಆಗಿಂದ ಇಬ್ಬರೂ ಅಕ್ಕಪಕ್ಕ ಕೂತು ಅಷ್ಟೂ ಎಣ್ಣೆ ಕಾಯಿಸಿದೆವು. ಅಷ್ಟರಲ್ಲಿ ಯಜಮಾನರು ಇಂಜಿನ್ನಿನ ಹೊಟ್ಟೆಯನ್ನು ಡೀಸೆಲ್ಲಿನಲ್ಲಿ ತೊಳೆದು, ಮಾವನ ಹಬ್ಬದ ಹೊಸ ಪಂಚೆ ಹರಿದು ಒರೆಸಿದರು. ಅವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಎಣ್ಣೆ ಆರಿದ ಮೇಲೆ ಡಬ್ಬ, ಬಾಣಲೆ ಎಲ್ಲ ಬಾವಿಯ ಹತ್ತಿರ ಹೊತ್ತು ತಂದು, ಬಟ್ಟೆಯಲ್ಲಿ ಸೋಸಿ ತುಂಬಿದೆವು. ಹ್ಯಾಂಡಲ್ ತಿರುಗಿಸಿದರು. ಎರಡು ಸಲ ಕೆಮ್ಮಿ, ಇಂಜಿನ್ ಹಿಡಿದುಕೊಂಡಿತು. ನೀರು ದಬದಬ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿ ಕಡ್ಡಿ ಎಳೆದರೆ ಎಣ್ಣೆ ಎಣ್ಣೆಯಾಗಿಯೇ ಇತ್ತು. ನನಗೆ ಕುಣಿಯಬೇಕೆನ್ನಿಸಿತು.

ಮಾವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತುಂಬಾ ಮೆಚ್ಚುಗೆಯಿಂದ ಹೇಳಿದರು: "ಬುದ್ಧಿವಂತೆ ಕಣಮ್ಮ ನೀನು. ನಿನ್ನಂಥೋಳು ಮನೇಲಿ ಇಲ್ದೇ ಇದ್ರೆ ಈ ಇಂಜಿನ್ ಗತಿ ಏನು? ಶಾಲೆಗೀಲೆ ಬೇಡ, ಇದನ್ನ ನೀನೇ ನೋಡ್ಕೊಂಡಿರು."

ಇಂಜಿನ್ ಕೆಟ್ಟಿದ್ದರೆ ಪಾತಿ, ಸರಿಹೋದರೆ ಇಂಜಿನ್. ಇಂಥ ನ್ಯಾಯ ನಮ್ಮ ಮನೆಯಲ್ಲಿ ಮಾತ್ರ ಸಿಗುತ್ತಿತ್ತು. ಯಜಮಾನರ ಕಡೆ ನೋಡಿದೆ. ಅವರು ಬಹಳ ಶ್ರದ್ಧೆಯಿಂದ ಕೈ ಒರೆಸಿಕೊಳ್ಳುತ್ತಿದ್ದರು.

"ಇಂಜಿನ್ ನಾನು ನೋಡ್ಕೊಂತೀನಿ," ಅಂದರು ದೊಡ್ಡತ್ತೆ.

ಮಾವ ನಕ್ಕರು. "ನಿನಗೇನು ಗೊತ್ತಾಗ್ತದೆ ಅಕ್ಕಾ?"

"ಕಡ್ಡಿ ಎಳೆಯೋದು, ಎಣ್ಣೆ ಬಣ್ಣ ನೋಡೋದು. ಇಷ್ಟು ವರ್ಷ ನಿಮ್ಮೆಲ್ಲರ ಮುಖದ ಬಣ್ಣ ನೋಡ್ಕೊಂಡು ಬಾಳಿಲ್ವಾ ನಾನು, ಇದೇನು ಕಷ್ಟ?" ಅವರು ಕಡ್ಡಿಯನ್ನು ಸೆರಗಿನಲ್ಲಿ ಒರೆಸಿದರು. "ನಾನು ಈ ಮನೆಗೆ ವಾಪಸ್ ಬಂದಾಗ ನನಗೆ ಹದಿನಾಲ್ಕು ಕಣೋ. ಓದ್ತೀನಿ ಅಂದೆ. ಇವಳಿಲ್ದಿದ್ರೆ ಮನೆ ನಡೆಯಲ್ಲ ಅಂದ್ರು ನಮ್ಮಪ್ಪ, ಹೌದು ಅಂತ ನೀನೂ ಅಂದೆ. ಆವತ್ತೂ ಹಿಂಗೇ ಹೊಗಳಿದ್ರಿ."

ಮಾವ ಎದ್ದು ಕೊಟ್ಟಿಗೆಯ ಕಡೆ ಹೋದರು. ದೊಡ್ಡತ್ತೆ ಬಗ್ಗಿ ಬಾಣಲೆಯ ಕಪ್ಪು ಉಜ್ಜತೊಡಗಿದರು. ಅವರಿಗೂ ಒಮ್ಮೆ ಹದಿನಾಲ್ಕು ವರ್ಷ ಆಗಿತ್ತೆಂದು ಆವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಅಂಗಡಿ ತೆರೆದ ಕೂಡಲೇ ಹೊಸ ಎಣ್ಣೆ ತಂದು ಬದಲಾಯಿಸಬೇಕೆಂದು ಯಜಮಾನರಿಗೆ ಹೇಳಿ, ಸೋಮವಾರ ಬೆಳಿಗ್ಗೆ ಹೊರಟೆ. ದೊಡ್ಡತ್ತೆ ಊರ ಬಾಗಿಲಿನವರೆಗೆ ಬಂದು, ಎದುರು ಬರಬಾರದೆಂದು ಹುಣಸೆಮರದ ಮರೆಯಲ್ಲಿ ನಿಂತರು. ವಿಧವೆಯ ಮುಖ ನೋಡಿ ಹೋದರೆ ಕೆಲಸ ಕೆಡುತ್ತದೆಂಬ ಶಾಸ್ತ್ರ ಅವರದೇ ಕೋರ್ಟಿನದು. ನಾನು ಮರದ ಹಿಂದಕ್ಕೆ ಹೋಗಿ ಅವರ ಕಾಲು ಮುಟ್ಟಿದೆ. ಅವರು ಗಾಬರಿಯಾಗಿ ಮುಖಕ್ಕೆ ಸೆರಗು ಎಳೆದುಕೊಂಡರು. ನಾನು ಅದನ್ನು ಸರಿಸಿ, ಅವರ ಮುಖವನ್ನು ಕಣ್ತುಂಬ ನೋಡಿದೆ.

"ಬಸ್ಸು ಹೋಗ್ತದೆ, ಏಳೇ," ಎಂದು ಬೈದರು.